ಎಂಟರಾಗ ಎಷ್ಟು

ಮುಂದಿನ ಸೂರ್ಯಗ್ರಹಣ ಆಷಾಢದ ಅಮಾವಾಸ್ಯೆಯ ದಿನ, ಸಂಜೆಯ ಹೊತ್ತಿಗೆ ಬರುತ್ತದಂತೆ. ಮಳೆಗಾಲದ ನಟ್ಟನಡುವೆ. ಮೂರನೇ ಮಹಡಿಯ ಮರಾಠಿ ಅತ್ತಿಗೆ, ನಮ್ಮೆಲ್ಲರ ವಹಿನಿ, ಲಿಫ್ಟಿನಲ್ಲಿ ಸಿಕ್ಕವರು ಅಷ್ಟು ಮುಂದಿನ ಮಾತನ್ನು ಈಗಲೇ ಎತ್ತಿದರು. "ತ್ಯಾ ದಿವಶೀ ಢಗ್ ಅಸ್ತೀಲ್ ಕಾ? ಕಾಕಾಂನಾ ವಿಚಾರ್ ನಾ," ಅಂದರು. ಆ ದಿನ ಮೋಡ ಇರುತ್ತದೆಯೇ, ಕಾಕಾ ಅವರನ್ನು ಕೇಳು ಎಂದು. ಅಂದ ಮರುಕ್ಷಣವೇ ಬಾಯಿಗೆ ಕೈ ಅಡ್ಡ ಹಿಡಿದರು. ಕಾಕಾ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಲಿಫ್ಟು ಮೂರನೇ ಮಹಡಿಯಲ್ಲಿ ನಿಂತರೂ ಅವರು ಇಳಿಯಲಿಲ್ಲ, ನಾನೇ ಬಾಗಿಲು ಹಿಡಿದುಕೊಂಡು ನಿಂತೆ.

ಅವರ ಬಗ್ಗೆ ಬರೆದಿಡಬೇಕು ಎಂದು ಅಂದೇ ಅನ್ನಿಸಿತು. ಬರೆಯುವುದಾದರೆ ನಾನು ಅವರಿಗೆ ಹೇಳಿದ ಸುಳ್ಳನ್ನೂ ಬರೆಯಬೇಕಾಗುತ್ತದೆ. ಆ ಸುಳ್ಳಿನಿಂದ ಅವರು ಜೀವಮಾನವೆಲ್ಲ ಕಾದಿದ್ದ ಒಂದು ನೋಟ ತಪ್ಪಿಹೋಯಿತು.

ಕಾಕಾ ನಮ್ಮ ಕಟ್ಟಡದ ಏಳನೇ ಮಹಡಿಯಲ್ಲಿ ಒಬ್ಬರೇ ಇದ್ದರು. ನಾವಿರುವುದು ಆರನೆಯದರಲ್ಲಿ. ಹೆಂಡತಿ ಬಹಳ ಹಿಂದೆಯೇ ಹೋಗಿದ್ದರು, ಮಕ್ಕಳಿರಲಿಲ್ಲ. ಹವಾಮಾನ ಕಚೇರಿಯಲ್ಲಿ ಮೋಡ ನೋಡುವ ಕೆಲಸ ಮಾಡಿ ನಿವೃತ್ತರಾದವರು. ಹಾಗೊಂದು ಕೆಲಸ ಇದೆ ಎಂದು ನನಗೆ ಗೊತ್ತಾದದ್ದೇ ಅವರಿಂದ.

ಮದುವೆಯಾಗಿ ಪುಣೆಯ ವಾಕಡಕ್ಕೆ ಬಂದ ಹೊಸತರಲ್ಲಿ ನಾನು ತಾರಸಿಯ ಮೇಲೆ ಸಂಡಿಗೆ ಹಾಕಿದ್ದೆ. ಕಾಗೆಯೊಂದು ಬಿಡದೆ ಬರುತ್ತಿತ್ತು. "ಹೋಗ ಅತ್ತಾಗ, ಹೊಟ್ಟಿಬಾಕ!" ಎಂದು ಕೂಗಿದೆ. ನೀರಿನ ಟಾಕಿಯ ಹಿಂದಿನಿಂದ ಒಂದು ದನಿ ಬಂತು.

"ಅದಕ್ಕ ಕನ್ನಡ ತಿಳಿಯಂಗಿಲ್ಲ ತಂಗಿ. ಇಲ್ಲೀ ಕಾಗಿಗೋಳಿಗೆ ಮರಾಠಿ ಅಷ್ಟ ತಿಳಿತದ."

ಹಣೆಯವರೆಗೆ ಎಳೆದ ಮಂಕಿ ಟೋಪಿ, ತೋಳು ಮಡಚಿದ ಬಿಳಿ ಅಂಗಿ, ಜೇಬಿನಲ್ಲಿ ಒಂದೇ ಒಂದು ಶಾಯಿಯ ಪೆನ್ನು. ಚಪ್ಪಲಿಗಳನ್ನು ಗುಡಿಯ ಮುಂದೆ ಬಿಟ್ಟ ಹಾಗೆ ತಾರಸಿಯ ಬಾಗಿಲಲ್ಲೇ ಜೋಡಿಸಿ ಬಿಟ್ಟಿದ್ದರು. ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದರು. ಬೆಳಗಾವಿ, ಕಾನ್ವೆಂಟಿನಲ್ಲಿ ಕಲಿತದ್ದು ಎಂದೆ. ಅವರು ಗದಗದ ಕಡೆಯವರು. ಮಾತು ನಡೆಯುತ್ತಿದ್ದ ಹಾಗೆಯೇ ಕೈಗಡಿಯಾರ ನೋಡಿ ಥಟ್ಟನೆ ತಾರಸಿಯ ನಡುವಿಗೆ ನಡೆದರು. ನಾನು ಏನೋ ಕೇಳುತ್ತಲೇ ಇದ್ದೆ. ನಾಲ್ಕೈದು ನಿಮಿಷ ತಲೆ ಎತ್ತಿ ಸುತ್ತಲೂ ನೋಡಿ, ಕಂಕುಳಲ್ಲಿದ್ದ ಉದ್ದನೆಯ ಪುಸ್ತಕದಲ್ಲಿ ಏನೋ ಬರೆದು, ಆಮೇಲೆ ನನ್ನ ಕಡೆ ತಿರುಗಿ "ಹಾಂ, ಏನಂದಿ?" ಎಂದರು. ಬೆಳಗಿನ ಎಂಟೂವರೆಯಾಗಿತ್ತು.

ಎಂಟೂವರೆಗೆ ಒಂದು ಸಲ, ಸಂಜೆ ಐದೂವರೆಗೆ ಒಂದು ಸಲ. ನಿವೃತ್ತರಾದ ಮೇಲೂ ಅವರಿಗೆ ಅದು ತಪ್ಪಲಿಲ್ಲ. ಯಾರೂ ಕೇಳದ, ಯಾರಿಗೂ ಕಳಿಸಬೇಕಿಲ್ಲದ ಆಕಾಶವನ್ನು ದಿನಕ್ಕೆ ಎರಡು ಸಲ ಬರೆದಿಡುತ್ತಿದ್ದರು.

ಬರೆಯುವ ಕ್ರಮ ಹೀಗೆ. ಆಕಾಶವನ್ನು ದುಂಡನೆಯ ರೊಟ್ಟಿಯಂತೆ ಎಂಟು ಪಾಲು ಮಾಡಬೇಕು. ಎಷ್ಟು ಪಾಲಿಗೆ ಮೋಡ ಮುಚ್ಚಿದೆಯೋ ಅಷ್ಟು ಬರೆಯಬೇಕು. ಶುಭ್ರವಾಗಿದ್ದರೆ ಸೊನ್ನೆ, ಪೂರ್ತಿ ಮುಚ್ಚಿದ್ದರೆ ಎಂಟು. ಆದರೆ ಮೋಡಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವಲ್ಲ, ಅವನ್ನು ಅಳೆಯುವುದು ಹೇಗೆ ಎಂದು ಕೇಳಿದೆ.

"ಕಟ್ಟಿ ಮ್ಯಾಲ ಹಿಟ್ಟು ಚೆಲ್ಲಿದ್ರ ಏನ್ ಮಾಡ್ತಿ? ಕೈಲೆ ಸವರಿ ಒಂದ ಕಡೆ ಗುಡ್ಡಿ ಹಾಕ್ತಿಲ್ಲ? ಹಂಗ, ಮನಸಿನ್ಯಾಗ ಎಲ್ಲಾ ಮೋಡ ಒಂದ ಕಡೆ ಸವರೋದು. ಆಮ್ಯಾಲೆ ನೋಡೋದು, ರೊಟ್ಟಿ ಎಷ್ಟು ಮುಚ್ಚೇದ." ಹೇಳುತ್ತ ಅಂಗೈಯನ್ನು ಅಡ್ಡಲಾಗಿ ಹಿಡಿದು ಗಾಳಿಯಲ್ಲಿ ಸವರಿದರು. ಆ ಕೈ ಬೀಸುವಿಕೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆ ದಿನದಿಂದ ನಾನು ಅಡುಗೆಮನೆಯ ಕಟ್ಟೆ ಒರೆಸುವಾಗಲೆಲ್ಲ ಎಂಟರಲ್ಲಿ ಎಷ್ಟು ಎಂದು ನೋಡುತ್ತೇನೆ.

ಎಂಟರ ಆಚೆ ಇನ್ನೊಂದು ಅಂಕಿಯೂ ಇತ್ತು, ಒಂಬತ್ತು. ದಟ್ಟ ಮಂಜು ಕವಿದು ಆಕಾಶವೇ ಕಾಣದಿದ್ದಾಗ ಒಂಬತ್ತು ಬರೆಯಬೇಕು. "ಕಾಣದ್ದಕ್ಕ ಸೊನ್ನಿ ಅಂತ ಬರೀಬಾರದು, ಎಂಟು ಅಂತನೂ ಬರೀಬಾರದು. ಕಾಣಲಿಲ್ಲ ಅಂತ ಬರಿಯೋದಕ್ಕ ಒಂದು ಅಂಕಿ ಬೇಕಲ್ಲವಾ?" ಎನ್ನುತ್ತಿದ್ದರು.

ಅವರ ಮಾತಿನಲ್ಲೆಲ್ಲ ಎಂಟು ಸೇರಿಕೊಂಡಿತ್ತು. ಆರೋಗ್ಯ ಹೇಗಿದೆ ಎಂದರೆ "ಎಂಟರಾಗ ಮೂರು." ನಾನು ಕೊಟ್ಟ ಪಲ್ಯ ಹೇಗಿತ್ತು ಎಂದರೆ "ಒಂದು ಪಾಲು ಉಪ್ಪು ಹೆಚ್ಚಾಗಿತ್ತು, ಏಳು ಪಾಲು ಚಲೋ." ಸೊಸೈಟಿಯವರು ಮಾತ್ರ ಅವರನ್ನು ಬೇರೆಯೇ ಕೇಳುತ್ತಿದ್ದರು. ನಾಳೆ ಮಳೆ ಬರುತ್ತದೋ, ಭಾನುವಾರ ಬಟ್ಟೆ ಒಗೆಯಬಹುದೋ. ಅವರು ಹೇಳುತ್ತಿರಲಿಲ್ಲ. ವಹಿನಿ ರೇಗಿಸುತ್ತಿದ್ದರು, ನಿಮ್ಮ ಹವಾಮಾನ ಖಾತೆಯವರು ಬಿಸಿಲು ಎಂದ ದಿನ ನಾನು ತಪ್ಪದೆ ಛತ್ರಿ ಒಯ್ಯುತ್ತೇನೆ ಎಂದು. ಕಾಕಾ ಮರಾಠಿಯಲ್ಲಿ ಕೊಡುತ್ತಿದ್ದ ಉತ್ತರ ಒಂದೇ: "ವಹಿನಿ, ಮುಂದಿನದನ್ನು ಹೇಳುವವರು ಬೇರೆ. ನಾನು ಬರೀ ಕಣ್ಣು."

ಆ ಕಣ್ಣು ಹೋಗುತ್ತಿದೆ ಎಂದು ನನಗೆ ಮೊದಲು ಗೊತ್ತಾದದ್ದು ಒಂದು ಚಹಾದ ಲೋಟದಿಂದ. ಎಡಗಡೆಯಿಂದ ಚಾಚಿದ ಲೋಟಕ್ಕೆ ಅವರ ಮೊಣಕೈ ತಾಗಿ ಚಹಾ ಚೆಲ್ಲಿತು. ಇನ್ನೊಂದು ದಿನ ಅಂಚಿನಲ್ಲಿ ಹಾಕಿದ್ದ ಹಪ್ಪಳದ ಮೇಲೆ ಕಾಲಿಟ್ಟರು. ಪಕ್ಕದಲ್ಲೇ ನಿಂತವರನ್ನು ನೋಡಲು ಗುಬ್ಬಿಯ ಹಾಗೆ ಇಡೀ ತಲೆಯನ್ನೇ ತಿರುಗಿಸುತ್ತಿದ್ದರು. ನಾನು ನೋಡಿಯೂ ನೋಡದ ಹಾಗಿದ್ದೆ. ಇನ್ನೊಬ್ಬರ ಕೊರತೆ ಕಣ್ಣಿಗೆ ಬಿದ್ದರೆ ದೃಷ್ಟಿ ಬೇರೆ ಕಡೆ ತಿರುಗಿಸಬೇಕು ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಕಡೆಗೆ ಅವರೇ ಹೇಳಿದರು.

"ಕಣ್ಣಾಗ ಒತ್ತಡ ಹೆಚ್ಚಾಗೇದಂತ. ನಡುವಿಂದು ಕಾಣ್ತದ, ಸುತ್ತಲಿಂದು ಹೊಂಟದ. ಕೊಳವಿಯೊಳಗಿಂದ ನೋಡ್ದಂಗ. ಮೋಡದ ಸಣ್ಣ ಎಳಿ ಇದ್ರಂತೂ ತಿಳಿಯೂದ ಇಲ್ಲ." ತಲೆ ಎತ್ತಿ, "ಸೂರ್ಯನ್ನ ನೋಡಬಹುದು. ಆಕಾಶ ನೋಡಾಕ ಆಗಂಗಿಲ್ಲ," ಎಂದರು.

ಅಂದಿನಿಂದ ಆಕಾಶ ನೋಡುವುದು ನನ್ನ ಕೆಲಸವಾಯಿತು. "ತಂಗಿ, ಎಂಟರಾಗ ಎಷ್ಟು?" ಎನ್ನುವರು. ನಾನು ಕೈ ಬೀಸಿ, ಹಿಟ್ಟು ಸವರಿ, ಹೇಳುವೆ. ಅವರು ಬರೆಯುವರು. ನೋಡಿದವರ ಸಹಿಯ ಕಾಲಂ ಒಂದಿತ್ತು, ಅದರಲ್ಲಿ ನನ್ನದೇ ಹಾಕಿಸುತ್ತಿದ್ದರು. ಮದುವೆಯಾದ ಮೇಲೆ ಕೊರಿಯರ್‌ನವನನ್ನು ಬಿಟ್ಟರೆ ಯಾರೂ ನನ್ನ ಸಹಿ ಕೇಳಿರಲಿಲ್ಲ. ಕಾನ್ವೆಂಟಿನ ಗುಂಡು ಅಕ್ಷರದಲ್ಲಿ, ಬಾಲ ಎಳೆದು, ಪುಟ್ಟದಾಗಿ ಹಾಕುತ್ತಿದ್ದೆ.

ನಮ್ಮ ಯಜಮಾನರದು ಚಾಕಣದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅವರು ಮನೆಯಲ್ಲಿದ್ದಾಗ ಮಲಗಿರುತ್ತಾರೆ, ಎದ್ದಾಗ ಹೊರಟಿರುತ್ತಾರೆ. ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಬಾಗಿಲಲ್ಲಿ ಎಲ್ಲ ಮರಾಠಿ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ತಾರಸಿಯ ಮೇಲೆ ಆಡುವಷ್ಟೇ ನನ್ನ ದಿನದ ಕನ್ನಡ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆದರೆ ಮುಂದೆ ಆದದ್ದು ಇದರಿಂದಲೇ.

ಕೆಲವು ವರ್ಷಗಳ ಹಿಂದೆ ಡಿಸೆಂಬರ್ ಕೊನೆಗೆ, ಕ್ರಿಸ್‌ಮಸ್ಸಿನ ಮರುದಿನ, ಗುರುವಾರ ಬೆಳಿಗ್ಗೆ ಒಂದು ಸೂರ್ಯಗ್ರಹಣವಿತ್ತು. ಪುಣೆಯಲ್ಲಿ ಮುಕ್ಕಾಲು ಪಾಲು, ಮಂಗಳೂರಿನ ಕಡೆ ಪೂರ್ತಿ ಉಂಗುರ. ಅದರ ಸುದ್ದಿ ಬಂದಾಗಿನಿಂದ ಕಾಕಾ ಬೇರೆಯೇ ಮನುಷ್ಯರಾಗಿದ್ದರು. ಆಗ ಹೇಳಿದ್ದು ಇದು. ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ನಮ್ಮ ಕಡೆಯಲ್ಲಿ ಪೂರ್ಣ ಗ್ರಹಣ ಆಗಿತ್ತಂತೆ. ಹಗಲೇ ಕತ್ತಲೆ. ಊರ ಮಂದಿಯೆಲ್ಲ ಬಾಗಿಲು ಹಾಕಿಕೊಂಡಿದ್ದರೆ ಇವರು ಕಚೇರಿಯ ಅಂಗಳದಲ್ಲಿ, ಬಿಳಿ ಬಣ್ಣದ ಜಾಲಂದ್ರದ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತಿದ್ದರು. ನಿಮಿಷಕ್ಕೊಮ್ಮೆ ಉಷ್ಣಮಾಪಕ ಓದಿ ಬರೆಯಬೇಕೆಂದು ಆಜ್ಞೆ.

"ಪಾದರಸ ಇಳಿಯೂದು ನೋಡಿದೆ. ಕೋಳಿ ಗೂಡಿಗೆ ಹೋಗೂದು ಕೇಳಿದೆ. ತಲಿ ಎತ್ತಿದ್ರ ಒಂದು ನಿಮಿಷದ ಅಂಕಿ ತಪ್ಪತಿತ್ತು. ಎತ್ತಲಿಲ್ಲ. ಗ್ರಹಣ ನನ್ನ ಬೆನ್ನಿಗೆ ಆತು ತಂಗಿ." ನಗುತ್ತಲೇ ಹೇಳಿದರು. "ಈ ಸಲ ನನ್ನ ಮಾರಿ ಮುಂದ ಆಗಲಿ. ನಡುವಿಂದು ಇನ್ನೂ ಕಾಣ್ತದ. ಇನ್ನೊಂದಕ್ಕ ಉಳಿತದೋ ಇಲ್ಲೋ."

ಮಂಗಳೂರಿನಲ್ಲಿದ್ದ ಅವರ ತಂಗಿಯ ಮಗ ಬನ್ನಿ ಎಂದು ಕರೆದಿದ್ದ. ಮಂಗಳವಾರ ಸಂಜೆ ಕಾತ್ರಜದಿಂದ ಹೊರಡುವ ಬಸ್ಸಿಗೆ ಟಿಕೆಟ್ಟನ್ನೂ ತೆಗೆಸಿದ್ದ. ಆದರೆ ಕಾಕಾ ಮನಸ್ಸು ಗಟ್ಟಿ ಮಾಡಿರಲಿಲ್ಲ. ಕರಾವಳಿಯ ಬೆಳಗಿನ ಆಕಾಶವನ್ನು ನಂಬಲಾಗದು. ಪುಣೆಯ ಡಿಸೆಂಬರ್ ಎಂದರೆ ಒರೆಸಿಟ್ಟ ತಟ್ಟೆ. ಅಲ್ಲಿ ಹೋಗಿ ಮೋಡ ಬಂದರೆ ಉಂಗುರವೂ ಇಲ್ಲ, ಇಲ್ಲಿಯ ಮುಕ್ಕಾಲೂ ಇಲ್ಲ. ಫೋನಿನಲ್ಲಿ ಹವಾಮಾನ ತೋರಿಸಿದರೆ, "ಅದು ಕಂಪ್ಯೂಟರ್ ಹೇಳಿದ್ದು. ಪಡುವಲ ದಿಕ್ಕು ಏನ್ ಹೇಳ್ತದ ನೋಡು," ಎನ್ನುವರು. ಅವರು ನನಗೆ ಕಲಿಸಿದ್ದ ಗುರುತು ಒಂದಿತ್ತು. ಚಳಿಗಾಲದಲ್ಲಿ ಪಡುವಣದಿಂದ ಎತ್ತರದಲ್ಲಿ ತೆಳ್ಳನೆಯ ಎಳೆಗಳು ಕಾಣಿಸಿ, ದಿನದಿಂದ ದಿನಕ್ಕೆ ದಟ್ಟವಾಗುತ್ತ ಬಂದರೆ, ಎರಡು ಮೂರು ದಿನಕ್ಕೆ ಇಡೀ ಆಕಾಶಕ್ಕೆ ಹೊದಿಕೆ ಬೀಳುತ್ತದೆ.

ಜೀವನದಲ್ಲಿ ಮೊದಲ ಸಲ ಅವರು ಮುಂದಿನದನ್ನು ಹೇಳುವುದಕ್ಕೆ ಹೊರಟಿದ್ದರು. ನನ್ನ ಕಣ್ಣಿನ ಆಧಾರದ ಮೇಲೆ.

ಭಾನುವಾರ ಸೊನ್ನೆ. ನಿಜವಾದ ಸೊನ್ನೆ. ಸೋಮವಾರ ಸಂಜೆ ಐದೂವರೆಗೆ ಪಡುವಣಕ್ಕಿರುವ ಹಿಂಜವಡಿಯ ಗಾಜಿನ ಕಟ್ಟಡಗಳ ಮೇಲೆ, ಬಹಳ ಎತ್ತರದಲ್ಲಿ, ಬಟ್ಟೆಯ ಮೇಲೆ ಒಣಹಾಕಿದ ಶ್ಯಾವಿಗೆಯಂತೆ ಬಿಳಿ ಎಳೆಗಳು. ಒಂದೊಂದರ ತುದಿ ತುಸು ಬಾಗಿತ್ತು.

"ಪಡುವಲಕ್ಕ ಚಲೋತ್ನಾಗಿ ನೋಡು ತಂಗಿ. ಎಷ್ಟು?"

ಯಜಮಾನರು ಆ ವಾರ ಕೆಲಸದ ಮೇಲೆ ಊರು ಬಿಟ್ಟಿದ್ದರು. ಮನೆಯಲ್ಲಿ, ಕಾನ್ವೆಂಟಿನಿಂದ ಉಳಿದುಬಂದ ಕ್ರಿಸ್‌ಮಸ್ಸಿನ ರೂಢಿಗೆ, ಕಿಟಕಿಗೆ ನಾನೇ ಕಟ್ಟಿದ್ದ ಕಾಗದದ ನಕ್ಷತ್ರ, ನಾನೇ ಮಾಡಿ ನಾನೇ ತಿನ್ನುವ ಕೇಕು. ಇವರೂ ಬಸ್ಸು ಹತ್ತಿದರೆ ನಾಲ್ಕೈದು ದಿನ ನಾನು ಯಾರೊಂದಿಗೂ ಕನ್ನಡದಲ್ಲಿ ಬಾಯಿ ಬಿಡುವಂತಿಲ್ಲ. ಇಷ್ಟೆಲ್ಲ ಆ ಹೊತ್ತು ಯೋಚಿಸಿದೆನೆಂದಲ್ಲ. ಬಾಯಿಗೆ ಬಂದದ್ದು ಒಂದೇ ಮಾತು.

"ಸೊನ್ನಿ, ಕಾಕಾ."

"ಎಳಿ?"

"ಏನೂ ಇಲ್ರಿ."

ಮಂಗಳವಾರ ಬೆಳಿಗ್ಗೆ ಎಳೆಗಳು ನೆತ್ತಿಯ ಹತ್ತಿರ ಬಂದಿದ್ದವು. ಮೂರು ಪಾಲಾದರೂ ಇತ್ತು. ಕರಗಿಹೋಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಈ ಕಣ್ಣಿನಲ್ಲಿ ಒಬ್ಬರೇ ಅಷ್ಟು ದೂರ ಹೋಗುವುದೂ ಬೇಡ ಎಂದು ಹೇಳಿಕೊಂಡೆ. ಮತ್ತೆ ಸೊನ್ನೆ ಎಂದೆ. ಸಹಿ ಹಾಕಿದೆ. ಕಾಕಾ ಅಲ್ಲೇ ನಿಂತು ಮಂಗಳೂರಿಗೆ ಫೋನ್ ಮಾಡಿದರು. "ಟಿಕೆಟ್ ತೆಗದ ಹಾಕಪಾ. ನನಗ ಮುಕ್ಕಾಲ ಸಾಕು. ಇಲ್ಲಿ ಆಕಾಶ ಭಾಳ ಸ್ವಚ್ಛ ಅದ." ಆ ದಿನ ಅವರಿಗಾಗಿ ಹೆಚ್ಚು ಬೆಣ್ಣೆ ಹಾಕಿ ಕೇಕು ಮಾಡಿದೆ. ಸಂಜೆ ನಾಲ್ಕು ಪಾಲಿದ್ದರೂ ಸೊನ್ನೆಯೇ ಎಂದೆ.

ಬುಧವಾರ ಬೆಳಿಗ್ಗೆ ಐದು. ನಿಜ ಹೇಳಿದೆ, ಇನ್ನು ಬಸ್ಸಿರಲಿಲ್ಲ.

"ಒಮ್ಮಿಗೇ ಐದಾ? ಎಲ್ಲಿಂದ ಬಂದ್ವು?" ಎಂದು ತಲೆ ತಿರುಗಿಸುತ್ತ, ತುಂಡು ತುಂಡಾಗಿ ಆಕಾಶ ನೋಡಿದರು. ಆಮೇಲೆ, "ನನ್ನ ಅಂದಾಜ ತಪ್ತು. ಮೊದ್ಲಿಂದ ಇದು ನನ್ನ ಕೆಲಸ ಅಲ್ಲ," ಎಂದರು.

ಗುರುವಾರ ಎಂಟಕ್ಕೇ ತಾರಸಿಗೆ ಹೋದೆವು. ಹಾಲಿನ ಪಾತ್ರೆಗೆ, ಉಪ್ಪಿನಕಾಯಿಗೆ ದರ್ಭೆ ಇಟ್ಟು ಬಂದಿದ್ದೆ. ಗೊತ್ತಾಗಿ, "ಉಪ್ಪಿನಕಾಯಿಗೆ ಇಟ್ಟಿ, ನನಗೇನಿಟ್ಟಿ?" ಎಂದು ನಕ್ಕರು. ಕಪ್ಪು ಹಾಳೆಯ ರಟ್ಟಿನ ಕನ್ನಡಕಗಳನ್ನು ಎರಡು ತರಿಸಿದ್ದರು, ತಮಗೊಂದು, ನನಗೊಂದು. ಮೇಲೆ ಬೂದು ಕಂಬಳಿ. ಎಲ್ಲಿಯೂ ಒಂದು ಸೀಳಿಲ್ಲ. ಸೂರ್ಯ ಎಲ್ಲಿದ್ದಾನೆ ಎಂದೇ ತಿಳಿಯುತ್ತಿರಲಿಲ್ಲ.

ಎಂಟೂವರೆಗೆ ಅವರು ಕೇಳಿದರು. "ಎಂಟು," ಎಂದೆ. ಬರೆದರು. ಒಂಬತ್ತು ದಾಟಿದ ಮೇಲೆ ಬೆಳಕು ಬಸಿದುಹೋಗಿ ಮಳೆಗಾಲದ ಸಂಜೆಯಂತಾಯಿತು. ಪಾರಿವಾಳಗಳು ಟಾಕಿಯ ಕೆಳಗೆ ಸೇರಿಕೊಂಡವು. ಕಾಕಾ ಕನ್ನಡಕವನ್ನು ಕಣ್ಣಿಗೆ ಹಿಡಿದು, ಮುಖ ಎತ್ತಿ, ಅಲ್ಲಾಡದೆ ನಿಂತಿದ್ದರು. ಅಷ್ಟರಲ್ಲಿ ಫೋನು. ತಂಗಿಯ ಮಗನ ದನಿ ನನಗೂ ಕೇಳಿಸಿತು: "ಮಾಮಾ! ಬಳಿ ಇದ್ದಂಗ ಕಾಣಾಕತ್ತದ್ರಿ! ಪೂರಾ ದುಂಡಗ!" ಅವನ ಹಿಂದೆ ಜನ ಕೂಗುತ್ತಿದ್ದರು.

"ಚಲೋ ಆತು. ನೀ ಫೋನ್ ಇಡು, ಅದನ್ನ ನೋಡು. ಹೊತ್ತು ಕಳೀಬ್ಯಾಡ," ಎಂದರು ಕಾಕಾ.

ಆಮೇಲೆ ಕನ್ನಡಕವನ್ನು ಮಡಚಿ, ಅದು ಬಂದಿದ್ದ ಕಾಗದದ ಲಕೋಟೆಗೆ ತುರುಕಿ, ಅಂಚನ್ನು ಉಗುರಿನಿಂದ ಗೀಚಿ ಸರಿಮಾಡಿದರು. ಆ ಉಗುರು ಗೀಚಿದ್ದನ್ನು ನನ್ನಿಂದ ನೋಡಲಾಗಲಿಲ್ಲ.

"ಕಾಕಾ, ಸೋಮವಾರನ ಎಳಿ ಇದ್ವು."

ಅವರು ಪೂರ್ತಿ ತಲೆ ತಿರುಗಿಸಿ ನನ್ನನ್ನು ತಮ್ಮ ಕಣ್ಣಿನ ನಡುವಿಗೆ ತಂದುಕೊಂಡರು.

"ಎಷ್ಟು?"

"ಸೋಮವಾರ ಒಂದು. ಮಂಗಳವಾರ ಮುಂಜಾನೆ ಮೂರು, ಸಂಜಿಕ ನಾಲ್ಕು."

"ಖಾತ್ರಿ?"

"ಖಾತ್ರಿ."

ಪುಸ್ತಕ ತೆರೆದು ನನ್ನ ಮುಂದೆ ಹಿಡಿದರು, ಜೇಬಿನ ಪೆನ್ನು ಕೊಟ್ಟರು. ಅವರ ಕಚೇರಿಯ ನಿಯಮ ನನಗೆ ಗೊತ್ತಿತ್ತು. ಬರೆದದ್ದನ್ನು ಕೆರೆಯಬಾರದು, ಮೇಲೆ ತಿದ್ದಬಾರದು. ತಪ್ಪಿನ ಮೇಲೆ ಒಂದೇ ಗೆರೆ, ಅದು ಏನಿತ್ತೆಂದು ಕಾಣಬೇಕು. ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕ ಸಹಿ. "ನೀ ಹೊಡಿ. ನೋಡಿದಾಕಿ ನೀನು." ಮೂರು ಸೊನ್ನೆಗಳ ಮೇಲೆ ಗೆರೆ ಎಳೆದೆ. ಒಂದು ಬರೆದೆ, ಮೂರು ಬರೆದೆ, ನಾಲ್ಕು ಬರೆದೆ. ಸಹಿಗೆ ಬಾಲ ಎಳೆಯಲಿಲ್ಲ.

"ಯಾಕ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವು ಹೋಗಬಾರದು ಅಂತ."

ಶಾಯಿ ಒಣಗಲೆಂದು ಹಾಳೆಯ ಮೇಲೆ ಊದಿದರು. "ಅದಕ್ಕ ಇದರಾಗ ಕಾಲಂ ಇಲ್ಲ," ಎಂದು ಪುಸ್ತಕ ಮುಚ್ಚಿ, ಗೋಡೆ ಹಿಡಿದುಕೊಂಡು ಇಳಿದು ಹೋದರು.

ಅದಾದ ಮೇಲೆ ಎಂಟು ದಿನ ಅವರು ನನ್ನನ್ನು ಏನೂ ಕೇಳಲಿಲ್ಲ. ತಾರಸಿಗೆ ಬರುತ್ತಿದ್ದರು. ನಾನು ಬಟ್ಟೆಯ ಹಗ್ಗದ ಹತ್ತಿರ ನಿಂತಿರುತ್ತಿದ್ದೆ. ಅವರು ಆಕಾಶದ ಒಂದು ಮೂಲೆಯಿಂದ ಶುರುಮಾಡಿ, ಕೌದಿಯ ತುಂಡುಗಳನ್ನು ಜೋಡಿಸಿದಂತೆ, ಚೂರು ಚೂರೇ ನೋಡುತ್ತ ಕಾಲು ಗಂಟೆ ಸುತ್ತುತ್ತಿದ್ದರು. ಕೊರಳು ನೋವಾಗಿ ಕೈಯಿಂದ ಒತ್ತಿಕೊಳ್ಳುತ್ತಿದ್ದರು. ಕನ್ನಡವೇ ಇಲ್ಲದ ಎಂಟು ದಿನ. ಯಾವುದನ್ನು ತಪ್ಪಿಸಿಕೊಳ್ಳಲು ಸುಳ್ಳು ಹೇಳಿದ್ದೆನೋ ಅದೇ, ಎರಡು ಪಟ್ಟು.

ಒಂಬತ್ತನೆಯ ದಿನ ಬೆಳಿಗ್ಗೆ, ನನ್ನ ಕಡೆ ತಿರುಗದೆಯೇ, "ತಂಗಿ, ಎಷ್ಟು?" ಎಂದರು.

"ಎರಡು. ಮೂಡಣಕ್ಕ, ಹತ್ತಿ ಹಿಂಜಿದಂಗ ಅವ," ಎಂದೆ. ಅಷ್ಟು ಜಾಗ್ರತೆಯಿಂದ ನಾನು ಯಾವ ಪರೀಕ್ಷೆಯನ್ನೂ ಬರೆದಿರಲಿಲ್ಲ.

ಆ ವಿಷಯವನ್ನು ಅವರು ಮತ್ತೆ ಯಾವತ್ತೂ ಎತ್ತಲಿಲ್ಲ. ಒಂದು ದೀಪಾವಳಿಯ ಮರುದಿನ, ಮುಳುಗುವ ಹೊತ್ತಿಗೆ, ಪುಣೆಗೆ ಇನ್ನೊಂದು ಗ್ರಹಣ ಬಂತು. ಅಷ್ಟರಲ್ಲಿ ಅವರ ಕಣ್ಣಿನ ನಡುವಿನದೂ ಹೋಗಿತ್ತು. ನಾನು ಕೈ ಹಿಡಿದು ತಾರಸಿಗೆ ಕರೆತಂದೆ.

"ಎಷ್ಟು?"

"ಸೊನ್ನಿ."

"ಖರೇ?"

"ಖರೇ, ಕಾಕಾ."

"ಹಂಗಾದ್ರ ಹೇಳು," ಎಂದರು. ಹೇಳಿದೆ. ಗಾಜಿನ ಕಟ್ಟಡಗಳ ಮೇಲೆ ಕೆಂಪು ಸೂರ್ಯ, ಒಂದು ಬದಿ ಕಚ್ಚಿ ತೆಗೆದ ಹಾಗೆ, ಕಚ್ಚಿದ ಹಾಗೆಯೇ ಕೆಳಗಿಳಿಯುತ್ತಿದ್ದಾನೆ ಎಂದು. ಅವರು ಮುಖವನ್ನು ಆ ಬಿಸುಪಿನ ಕಡೆಗೆ ಎತ್ತಿಕೊಂಡು, ಮುಳುಗುವವರೆಗೂ ನಿಂತಿದ್ದರು. ಲಕೋಟೆ ಜೇಬಿನಲ್ಲಿತ್ತು. ತೆಗೆಯಲಿಲ್ಲ.

ಕಡೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ತಂಗಿಯ ಮಗ ಔಷಧಿ ತರಲು ಕೆಳಗೆ ಹೋಗಿದ್ದ. ಅವರ ಮಣಿಕಟ್ಟಿನಲ್ಲಿ ಗಡಿಯಾರದ ಜಾಗದಲ್ಲಿ ಪ್ಲಾಸ್ಟಿಕ್ಕಿನ ಪಟ್ಟಿ. ಆದರೂ ಹೊತ್ತು ಹೇಗೆ ತಿಳಿಯಿತೋ, ಐದೂವರೆಗೆ ಸರಿಯಾಗಿ ಬೆರಳಾಡಿಸಿದರು.

"ತಂಗಿ, ಎಂಟರಾಗ ಎಷ್ಟು?"

ಕಿಟಕಿಯ ಹತ್ತಿರ ಹೋದೆ. ಮೂರು ಮಾರು ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ, ನೀರಿನ ಕೊಳವೆ, ಕೊಳವೆಯ ಮೇಲೆ ಒಂದು ಪಾರಿವಾಳ. ಕತ್ತು ಎಷ್ಟು ಹೊರಳಿಸಿದರೂ ಆಕಾಶದ ಒಂದು ಚೂರಿಲ್ಲ. ಒಂದೋ ಎರಡೋ ಎಂದು ಹೇಳಿಬಿಡಬಹುದಿತ್ತು. ಅವರಿಗೆ ಸಮಾಧಾನವಾಗುತ್ತಿತ್ತು, ನನಗೂ.

"ಕಾಣವಲ್ದು, ಕಾಕಾ. ಕಿಡಕಿ ಮುಂದ ಗ್ವಾಡಿ ಅದ."

ಅವರ ತುಟಿಯ ಅಂಚು ತುಸು ಮೇಲೆ ಹೋಯಿತು. "ಶಾಣ್ಯಾಕಿ," ಎಂದರು. "ಒಂಬತ್ತು ಬರಿ."

ಮನೆಗೆ ಬಂದು ಬರೆದೆ. ಒಂಬತ್ತು. ಷರಾದಲ್ಲಿ, ಎದುರಿಗೆ ಗೋಡೆ. ಸಹಿ ನನ್ನದು. ಅವರು ಹೋದ ಮೇಲೆ ತಂಗಿಯ ಮಗ ಸಾಮಾನೆಲ್ಲ ಒಯ್ದು, ಆ ಪುಸ್ತಕವನ್ನು ನನ್ನಲ್ಲೇ ಬಿಟ್ಟುಹೋದ. ಅದರ ಮುಂದಿನ ಸಾಲುಗಳನ್ನು ಈಗ ನಾನೊಬ್ಬಳೇ ತುಂಬುತ್ತಿದ್ದೇನೆ. ಆಷಾಢದ ಗ್ರಹಣದ ದಿನ ಮೋಡ ಇರುತ್ತದೆಯೇ ಎಂದು ವಹಿನಿಗೆ ಹೇಳಲು ನನ್ನಿಂದಾಗದು. ಆ ಸಂಜೆ ಐದೂವರೆಗೆ ಎಷ್ಟಿತ್ತೆಂದು ಮಾತ್ರ ಹೇಳಬಲ್ಲೆ. ಎಷ್ಟು ಎಂದು ಈಗ ಯಾರೂ ಕೇಳುವುದಿಲ್ಲ. ತಾರಸಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸುತ್ತಲೂ ನೋಡಿ, ಆ ಅಂಕಿಯನ್ನು ಒಮ್ಮೆ ಬಾಯಿಬಿಟ್ಟು ಹೇಳಿ, ಆಮೇಲೆ ಬರೆಯುತ್ತೇನೆ.